ಡಬ್ಬಿ ಹೊರಡುವ ತಾರೀಖು

ಆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಮೇಡಂಗೆ ತಾರೀಖಮ್ಮ ಅನ್ನೋ ಹೆಸರು ಬಿದ್ದು ವರ್ಷವಾಗಿತ್ತು. ಇಟ್ಟವರು ಯಾರೋ ಗೊತ್ತಿಲ್ಲ. ಅವಳಿಗೆ ಸಿಟ್ಟೇನೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡ ಜನ ಅಂತ ಆ ಸ್ಟಾಫ್ ರೂಮಿನಲ್ಲಿ ಅವಳು ಯಾರನ್ನೂ ಎಣಿಸಿರಲೇ ಇಲ್ಲ.

ಹೆಸರು ಬಿದ್ದಿದ್ದು ಸುಮ್ಮನೆ ಅಲ್ಲ. ಬೆಳಗ್ಗೆ ಎದ್ದವಳು ಮುಖ ತೊಳೆಯುವ ಮೊದಲೇ ಫೋನು ಹಿಡಿಯುತ್ತಿದ್ದಳು. ಮೊದಲು ರಾಕೆಟ್ಟಿನವರ ಪುಟ. ಅದರಲ್ಲಿ ಬರೆದಿದ್ದನ್ನು ನಂಬುವಷ್ಟು ಮುಗ್ಧೆ ಅಲ್ಲ ಅವಳು. ಅವರು ಏನು ಬರೆಯುವುದನ್ನು ಬಿಟ್ಟಿದ್ದಾರೆ ಅನ್ನೋದನ್ನು ನೋಡುವುದಕ್ಕೆ. ಆಮೇಲೆ ವಿಮಾನದ ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆ: ಇಂಥ ದಿನ, ಇಷ್ಟು ಹೊತ್ತು, ಈ ಆಕಾಶದ ಕಡೆ ಬರಬೇಡಿ. ಆಮೇಲೆ ದೋಣಿಯವರಿಗೆ ಹೊರಡಿಸುವ ಎಚ್ಚರಿಕೆ. ರಾಕೆಟ್ಟಿನವರು ಏನೇ ಕೊಚ್ಚಿಕೊಳ್ಳಲಿ, ಆಕಾಶ ಖಾಲಿ ಮಾಡಿ, ಸಮುದ್ರ ಖಾಲಿ ಮಾಡಿ ಅನ್ನುವ ಈ ಎರಡು ಎಚ್ಚರಿಕೆ ಬರದೇ ಇದ್ದರೆ ಆ ತಾರೀಖು ಬರೀ ಗಾಳಿಮಾತು. ಕೊನೆಗೆ, ಜಗತ್ತಿನ ಕೆಲಸವಿಲ್ಲದವರೆಲ್ಲ ಸೇರಿ ರಾಕೆಟ್ಟಿನ ಬಗ್ಗೆ ಕಿತ್ತಾಡುವ ಒಂದು ಜಾಲತಾಣ. ಅವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಆದರೆ ಒಂದು ದಿನವೂ ನೋಡದೆ ಬಿಟ್ಟವಳಲ್ಲ.

ಹೀಗೆ ನಾಲ್ಕು ಕಡೆ ಜಾಲಾಡಿ ಸ್ಟಾಫ್ ರೂಮಿಗೆ ಬಂದರೆ ಅಲ್ಲಿ ಗಣಿತದವರು ಚಹಾ ಹೀರುತ್ತಾ ಕೇಳುತ್ತಿದ್ದರು.

"ಏನ್ ಮೇಡಂ, ನಮ್ಮ ಡಬ್ಬಿ ಯಾವಾಗ ಹಾರುತ್ತೆ?"

"ಹದಿನೆಂಟಕ್ಕಿಂತ ಮುಂಚೆ ಅಲ್ಲ."

"ಅಂದ್ರೆ ಹದಿನೆಂಟಕ್ಕೆ."

"ಹದಿನೆಂಟಕ್ಕಿಂತ ಮುಂಚೆ ಅಲ್ಲ ಅಂದೆ."

"ಅದೇ ಮೇಡಂ, ಹದಿನೆಂಟಕ್ಕೆ."

ಗಣಿತ ಹೇಳಿಕೊಡುವ ಮನುಷ್ಯ! ಇಂಥದಕ್ಕಿಂತ ದೊಡ್ಡದು, ಇಂಥದಕ್ಕಿಂತ ಚಿಕ್ಕದು ಅಂತ ದಿನಾ ಬೋರ್ಡಿನ ಮೇಲೆ ಗೀಚುವವರಿಗೆ ತಾರೀಖಿನ ವಿಷಯಕ್ಕೆ ಬಂದರೆ ತಲೆ ಓಡುವುದಿಲ್ಲ. ಇವರ ಹತ್ತಿರ ಕಲಿತ ಮಕ್ಕಳು ಪಾಸಾಗುವುದೇ ಒಂದು ಪವಾಡ ಅಂದುಕೊಂಡು ಅವಳು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆಯುತ್ತಿದ್ದಳು.

ಡಬ್ಬಿ ಅಂದರೆ ಉಪಗ್ರಹ. ಒಂದು ಬ್ರೆಡ್ಡಿನಷ್ಟು ದೊಡ್ಡದು. ಅವಳೂ ಅವಳ ಒಂದು ಬ್ಯಾಚಿನ ಮಕ್ಕಳೂ ಮೂರು ವರ್ಷ ಕೂತು ಕಟ್ಟಿದ್ದು. ದೊಡ್ಡ ರಾಕೆಟ್ಟು ಯಾರದೋ ದೊಡ್ಡ ಉಪಗ್ರಹವನ್ನು ಹೊತ್ತು ಹೋಗುವಾಗ ಮೂಲೆಯಲ್ಲಿ ಇಂಥ ಚಿಲ್ಲರೆ ಡಬ್ಬಿಗಳಿಗೂ ಒಂದಿಷ್ಟು ಜಾಗ ಕೊಡುತ್ತಾರೆ. ಲಾರಿಯ ಲೋಡಿನ ಮೇಲೆ ಬುಟ್ಟಿ ಇಟ್ಟು ಕಳಿಸಿದ ಹಾಗೆ. ಲಾರಿ ಯಾವಾಗ ಹೊರಡುತ್ತೆ ಅಂತ ಕೇಳುವ ಹಕ್ಕು ಬುಟ್ಟಿಯವರಿಗೆ ಇರುವುದಿಲ್ಲ. ಮೇಲೆ ಹೋಗಿ ಬಿಸಿಲಿನ ಲೆಕ್ಕ, ಚಳಿಯ ಲೆಕ್ಕ ಕಳಿಸುವುದಷ್ಟೇ ಡಬ್ಬಿಯ ಕೆಲಸ. ಅದರಿಂದ ಲೋಕೋದ್ಧಾರವೇನೂ ಆಗುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ತನ್ನ ಕೈಯಾರೆ ಬೆಸುಗೆ ಹಾಕಿದ್ದು ಮೇಲಿನಿಂದ ಒಂದು ಸಲ ದನಿ ಮಾಡಬೇಕು, ಅದನ್ನು ತನ್ನ ಕಿವಿಯಾರೆ ಕೇಳಬೇಕು. ಅವಳಿಗೆ ಬದುಕಿನಲ್ಲಿ ಅಷ್ಟು ಬೇಕಾದದ್ದು ಬೇರೆ ಯಾವುದೂ ಇರಲಿಲ್ಲ. ಹಾಗಂತ ಯಾರ ಮುಂದಾದರೂ ಬಾಯಿ ಬಿಟ್ಟಾಳೆಯೇ? ಸತ್ತರೂ ಇಲ್ಲ.

ಇನ್ನು ಪ್ರಿನ್ಸಿಪಾಲರು. ಕಾಲೇಜಿನಲ್ಲಿ ಎಲ್ಲರೂ ಹಿಂದಿನಿಂದ ಕತ್ತರಿ ಸಾಹೇಬ್ರು ಅನ್ನುತ್ತಿದ್ದರು. ಕೈತೊಳೆಯುವ ನಲ್ಲಿ ಹೊಸದಾಗಿ ಹಾಕಿಸಿದರೂ ಅದಕ್ಕೊಂದು ರಿಬ್ಬನ್ನು ಕಟ್ಟಿಸಿ ಕತ್ತರಿಸದೇ ನೀರು ಬಿಡಿಸಿದವರಲ್ಲ, ಹೊಸ ಫ್ಯಾನು ಹಾಕಿಸಿದರೂ ಮೊದಲ ಗುಂಡಿ ಒತ್ತುವವರು ಅವರೇ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಕಾಲೇಜಿನಲ್ಲಿ ಉಪಗ್ರಹ ಕಟ್ಟುತ್ತಿದ್ದಾರೆ ಅಂತ ಗೊತ್ತಾದ ದಿನವೇ ಅವರು ಲ್ಯಾಬಿಗೆ ಬಂದು ಡಬ್ಬಿಯ ತಲೆ ಸವರಿ, "ನಮ್ಮ ಕೂಸು" ಅಂದರು. ತಾರೀಖಮ್ಮ ಆ ಕೈಬೆರಳಿನ ಜಿಡ್ಡನ್ನು ಒರೆಸಲು ಒಂದು ಗಂಟೆ ಕೂತಳು.

ಡಬ್ಬಿಯನ್ನು ರಾಕೆಟ್ಟಿನವರಿಗೆ ಒಪ್ಪಿಸಲು ತಿಂಗಳ ಕೊನೆಯವರೆಗೂ ಸಮಯವಿತ್ತು. ಒಂದು ಕೆಲಸ ಬಾಕಿ. ಬ್ಯಾಟರಿ ತೀರಾ ಇಳಿದರೆ ಡಬ್ಬಿ ತಾನೇ ರೇಡಿಯೋ ಆರಿಸಿಕೊಂಡು ಮಲಗಬೇಕು, ಬಿಸಿಲಲ್ಲಿ ಮೈ ಕಾಯಿಸಿ ಹೊಟ್ಟೆ ತುಂಬಿಸಿಕೊಂಡು ಎದ್ದು ಮಾತಾಡಬೇಕು. ಆ ಬುದ್ಧಿಯನ್ನು ಅದಕ್ಕೆ ಇನ್ನೂ ಕಲಿಸಿರಲಿಲ್ಲ. ಅಷ್ಟರಲ್ಲಿ ಕತ್ತರಿ ಸಾಹೇಬ್ರು ತಿಂಗಳು ಹುಟ್ಟುತ್ತಲೇ ಒಪ್ಪಿಸುವ ಸಮಾರಂಭ ಇಟ್ಟುಬಿಟ್ಟರು.

"ಸಾರ್, ಪ್ರೋಗ್ರಾಂ ಮುಗಿದಿಲ್ಲ."

"ಎಲ್ಲ ಮುಗಿಸೇ ಕಳಿಸ್ತೀನಿ ಅಂತ ಕೂತ್ರೆ ನಮ್ಮ ಕಮಿಟಿ ಅಧ್ಯಕ್ಷರು ಸಿಗಲ್ಲಮ್ಮ. ಅವರು ಬಿಡುವಾಗಿರೋದು ಅವತ್ತೊಂದೇ ದಿನ."

"ಒಮ್ಮೆ ಕೊಟ್ಟರೆ ಪೆಟ್ಟಿಗೆಗೆ ಹಾಕಿ ಸೀಲ್ ಮಾಡ್ತಾರೆ ಸಾರ್. ಆಮೇಲೆ ಮುಟ್ಟೋ ಹಾಗಿಲ್ಲ. ಚಾರ್ಜ್ ಕೂಡ ಹಾಕೋ ಹಾಗಿಲ್ಲ."

"ಹಾರೋದು ಮುಂದಿನ ತಿಂಗಳು ತಾನೇ? ಒಂದು ತಿಂಗಳು ತಡೆಯಲ್ವಾ ಬ್ಯಾಟರಿ?"

ಒಂದು ತಿಂಗಳೇನು, ನಾಲ್ಕು ತಿಂಗಳು ತಡೆಯುತ್ತಿತ್ತು. ಅಧ್ಯಕ್ಷರು ಬಂದರು, ಡಬ್ಬಿಯನ್ನು ತಲೆಕೆಳಗಾಗಿ ಹಿಡಿದುಕೊಂಡರು, ಫೋಟೋ ಆಯಿತು. ಆ ಫೋಟೋ ಈಗಲೂ ಕಾಲೇಜಿನ ಬಾಗಿಲಲ್ಲಿದೆ, ಡಬ್ಬಿ ತಲೆಕೆಳಗಾಗಿಯೇ.

ಆಮೇಲೆ ಶುರುವಾಯಿತು ನೋಡಿ ತಾರೀಖಿನ ಆಟ. ಮೊದಲು ರಾಕೆಟ್ಟಿನ ಒಂದು ವಾಲ್ವ್ ಸೋರಿತು. ಸರಿಮಾಡಿದರು, ಹೊಸ ತಾರೀಖು ಕೊಟ್ಟರು. ಗಾಳಿ ಎದ್ದಿತು. ಗಾಳಿ ನಿಂತಿತು, ದೊಡ್ಡ ಉಪಗ್ರಹದವರಿಗೆ ಏನೋ ಸಂಶಯ ಬಂದು ಇಳಿಸಿ ನೋಡುತ್ತೇವೆ ಅಂದರು. ಅದೂ ಮುಗಿದು, ಇನ್ನೇನು ಎಣಿಕೆ ಶುರುವಾಗಬೇಕು, ಬರಬೇಡಿ ಅಂದ ನೀರಿನೊಳಕ್ಕೆ ಯಾವನೋ ದೋಣಿ ನುಗ್ಗಿಸಿದ. ದೋಣಿಯ ಸಲವೊಂದನ್ನು ಬಿಟ್ಟು ಪ್ರತಿ ಸಲವೂ ತಾರೀಖಮ್ಮ ಮುಂಚೆಯೇ ಹೇಳಿದ್ದಳು, ಇದು ನಿಲ್ಲೋ ತಾರೀಖಲ್ಲ ಅಂತ. ಹೇಳಿದಷ್ಟು ಸಲವೂ ಅವಳ ಮಾತೇ ನಿಜವಾಯಿತು. ಒಂದೊಂದು ಸಲ ನಿಜವಾದಾಗಲೂ ಅವಳ ಮೂಗು ಒಂದು ಅಂಗುಲ ಮೇಲೇರುತ್ತಿತ್ತು. ತನ್ನದೇ ಡಬ್ಬಿ ಅಲ್ಲಿ ಕತ್ತಲಲ್ಲಿ ಕೂತು ಸೊರಗುತ್ತಿದೆ ಅನ್ನುವ ಸಂಕಟಕ್ಕಿಂತ, ನಾನು ಹೇಳಿರಲಿಲ್ವಾ ಅನ್ನುವ ಸುಖವೇ ಅವಳಿಗೆ ಮೊದಲು ಆಗುತ್ತಿತ್ತು. ಎಂಥ ಹೆಂಗಸು ಅಂತೀರಾ? ನಮ್ಮ ನಿಮ್ಮಂಥವಳೇ.

ಕತ್ತರಿ ಸಾಹೇಬ್ರಂತೂ ಪ್ರತಿ ತಾರೀಖಿಗೂ ಒಂದು ಸಮಾರಂಭ. ಶಾಮಿಯಾನ, ಕುರ್ಚಿ, ಮೈಕು. ಬಟ್ಟೆಯ ಬ್ಯಾನರಿನ ಮೇಲೆ ತಾರೀಖು ಬರೆಸಿದ್ದರು. ತಾರೀಖು ಬದಲಾದಾಗ ಅದರ ಮೇಲೊಂದು ತುಂಡು ಬಟ್ಟೆ ಹೊಲಿಸಿ ಹೊಸದು ಬರೆಸಿದರು. ಆಮೇಲೆ ಅದರ ಮೇಲೂ ಒಂದು. ಹೊಲಿದುಕೊಟ್ಟವಳು ತಾರೀಖಮ್ಮನ ಸ್ವಂತ ಅಕ್ಕ, ಟೈಲರ್ ಅಂಗಡಿಯವಳು. ಅಕ್ಕ ತಂಗಿ ಇಬ್ಬರೂ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಒಟ್ಟಿಗೇ ಇದ್ದರು.

"ಬ್ಯಾನರಿನ ಈ ಮೂಲೆ ದಿಂಬಿನ ಹಾಗಾಗಿದೆ ಕಣೇ," ಅನ್ನುತ್ತಿದ್ದಳು ಅಕ್ಕ, ಮಿಷನ್ ತುಳಿಯುತ್ತಾ. "ಇನ್ನೊಂದು ತಾರೀಖು ಬಂದ್ರೆ ನನ್ನ ಸೂಜಿ ಮುರಿಯುತ್ತೆ. ನಿಮ್ಮ ಸಾಹೇಬ್ರಿಗೆ ಒಂದು ಗುಂಡಿ ಹೊಲ್ಕೊಡ್ಲಾ? ಬೇಕಾದಾಗ ಹಾಕ್ಕೋಬಹುದು, ತೆಗೀಬಹುದು."

ನಾಲ್ಕನೇ ಸಲ ಮುಂದೆ ಹೋದಾಗ, ಕರೆಸಿದ ಜನ ಬಿಸಿಲಲ್ಲಿ ಕೂತಿದ್ದಾರೆ, ರಾಕೆಟ್ಟಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಕತ್ತರಿ ಸಾಹೇಬ್ರು ಮೈಕು ಹಿಡಿದು, "ವಿಜ್ಞಾನದಲ್ಲಿ ಕಾಯೋದೂ ಒಂದು ಸಾಧನೆ! ಇವತ್ತು ನಾವು ಅದನ್ನ ಸಾಧಿಸಿದ್ದೀವಿ!" ಅಂದರು. ಜನ ಚಪ್ಪಾಳೆ ತಟ್ಟಿದರು. ತಾರೀಖಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡು ಲೆಕ್ಕಕ್ಕೆ ಕೂತಳು.

ಅದೇನು ದೊಡ್ಡ ಲೆಕ್ಕವಲ್ಲ. ಬಳಸದೇ ಇಟ್ಟ ಬ್ಯಾಟರಿಯೂ ದಿನಾ ಒಂದಿಷ್ಟು ಇಳಿಯುತ್ತದೆ. ಡಬ್ಬಿಯಲ್ಲಿ ಹಾಕಿದಂಥದೇ ಒಂದು ಬ್ಯಾಟರಿಯನ್ನು ಅವಳು ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ವಾರಕ್ಕೊಮ್ಮೆ ಅಳೆಯುತ್ತಿದ್ದಳು. ಇದು ಇಳಿದಷ್ಟೇ ಅದೂ ಇಳಿದಿರಬೇಕು. ಹೊಸ ತಾರೀಖಿನವರೆಗೂ ಗೀಟು ಎಳೆದು ನೋಡಿದಳು. ಗೀಟು ಆ ತಾರೀಖು ಮುಟ್ಟುವ ಮೊದಲೇ ನೆಲ ಕಚ್ಚಿತು. ಇನ್ನೊಮ್ಮೆ ಎಳೆದಳು, ಇನ್ನೊಮ್ಮೆಯೂ ಅದೇ. ಪೂರ್ತಿ ಬರಿದಾದ ಬ್ಯಾಟರಿಯನ್ನು ಮೇಲಿನ ಬಿಸಿಲೂ ಎಬ್ಬಿಸಲಾರದು. ಡಬ್ಬಿ ಸತ್ತಿತ್ತು. ರಾಕೆಟ್ಟು ಹೊತ್ತುಕೊಂಡು ಹೋಗುವುದು ಹೆಣವನ್ನೇ.

ಅವತ್ತು ಅವಳು ಅತ್ತಳು. ಬೆಸುಗೆ ಹಾಕುವ ಮೇಜಿನ ಕೆಳಗೆ ಕೂತು, ಯಾರಿಗೂ ಕೇಳಿಸದ ಹಾಗೆ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು. ದುಃಖ ಒಳಗೇ ಉಳಿದಿದ್ದರೆ ಚೆನ್ನಾಗಿತ್ತೇನೋ. ಕೋಣೆಯ ಬಾಗಿಲು ದಾಟುವಷ್ಟರಲ್ಲಿ ಅದು ತಿರಸ್ಕಾರವಾಗಿ ಹೋಗಿತ್ತು.

"ಇನ್ನು ಶಾಮಿಯಾನ ಹಾಕಿಸೋ ಕಷ್ಟ ಬೇಡ ಸಾರ್. ಬ್ಯಾಟರಿ ಸತ್ತಿದೆ."

ಸಾಹೇಬ್ರು ಕನ್ನಡಕ ತೆಗೆದರು. "ಏನಮ್ಮಾ ಇದು ಅಪಶಕುನದ ಮಾತು. ಯಾರು ಹೇಳಿದ್ದು?"

"ಲೆಕ್ಕ ಹೇಳುತ್ತೆ."

"ಹೋಗಿ ನೋಡಿಕೊಂಡು ಬಂದೋರು ಯಾರೂ ಇಲ್ವಲ್ಲಾ?"

"ನೋಡೋಕೇನಿದೆ ಸಾರ್? ನಿಮಗೆ ಅರ್ಥ ಆಗೋ ಹಾಗೆ ಹೇಳ್ಲಾ? ನಿಮ್ಮ ಅಧ್ಯಕ್ಷರ ಫೋಟೋಗೋಸ್ಕರ ಅದನ್ನ ತಿಂಗಳು ಮುಂಚೆ ಕೊಟ್ಟು ಕೊಂದಿರಿ. ಇನ್ನು ನೀವು ಮಾಡೋದು ಹೆಣದ ಮೆರವಣಿಗೆ. ಅದಕ್ಕೆ ನನ್ನ ಕರೀಬೇಡಿ."

ಇಷ್ಟು ಹೇಳಿ ಸರಕ್ಕನೆ ತಿರುಗಿ ಬಂದಳು. ಕತ್ತರಿ ಸಾಹೇಬ್ರಿಗೆ ಜೀವಮಾನದಲ್ಲಿ ಯಾರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಅಂದಿರಲಿಲ್ಲ. ಸಿಟ್ಟಾಗಿ ಕೂಗಾಡುತ್ತಾರೆ ಅಂತ ಹೊರಗೆ ಅಟೆಂಡರ್ ಕಿವಿ ಕೊಟ್ಟು ನಿಂತಿದ್ದ. ಇಣುಕಿ ನೋಡಿದರೆ ಸಾಹೇಬ್ರು ತೆಗೆದ ಕನ್ನಡಕವನ್ನು ಒರೆಸುತ್ತಲೇ ಕೂತಿದ್ದರಂತೆ.

ಐದನೇ ತಾರೀಖು ಬಂತು. ಪೈಲಟ್‌ಗಳ ಎಚ್ಚರಿಕೆ ಬಂತು, ದೋಣಿಯವರ ಎಚ್ಚರಿಕೆ ಬಂತು, ಕಿತ್ತಾಡುವವರೂ ಕಿತ್ತಾಡುವುದು ಬಿಟ್ಟು ಸುಮ್ಮನಾದರು. ಈ ಸಲ ಹೋಗುತ್ತೆ ಅಂತ ತಾರೀಖಮ್ಮನಿಗೆ ಖಾತ್ರಿಯಾಯಿತು. ಅವಳು ರಜೆ ಹಾಕಿ ಮನೆಯಲ್ಲಿ ಕೂತಳು.

ಬೆಳಗ್ಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ಅಕ್ಕ ತಂಗಿ ನೋಡಿದರು. ಎಣಿಕೆ ಸೊನ್ನೆಗೆ ಬಂತು, ಬೆಂಕಿ ಕಂಡಿತು, ಹೊಗೆ ಕಂಡಿತು, ಆಮೇಲೆ ಬರೀ ಆಕಾಶ. ದೊಡ್ಡ ಉಪಗ್ರಹ ಬೇರೆಯಾಯಿತು. ಅಲ್ಲಿ ಕನ್ನಡಕ ಹಾಕಿಕೊಂಡವರೆಲ್ಲ ಎದ್ದು ಕೈ ಕುಲುಕಿಕೊಂಡರು. ಚಿಲ್ಲರೆ ಡಬ್ಬಿಗಳನ್ನು ಹೊರಗೆ ತಳ್ಳಿದಾಗ ಯಾರೂ ಏಳಲಿಲ್ಲ. ಪರದೆಯ ಕೆಳಗೆ ಒಂದು ಸಾಲು ಓಡಿತು, ಅಷ್ಟೇ.

"ಹೋಯ್ತಲ್ಲೇ!" ಅಂದಳು ಅಕ್ಕ. "ಎದ್ದು ಕಾಲೇಜಿಗೆ ಹೋಗು. ಒಂದು ಸುತ್ತು ಹಾಕಿ ನಮ್ಮ ತಲೆ ಮೇಲೆ ಬರುತ್ತೆ ಅಂತಿದ್ದೆಯಲ್ಲ, ಆಗ ಅಲ್ಲಿರ್ಬೇಡ್ವಾ?"

"ಸತ್ತಿರೋದು ತಲೆ ಮೇಲೆ ಬಂದ್ರೇನು, ಕಾಲ ಕೆಳಗೆ ಹೋದ್ರೇನು?"

"ಸತ್ತವರ ಮನೆಗೂ ಹೋಗಿ ಒಂದು ಸಲ ಮುಖ ನೋಡಿಕೊಂಡು ಬರ್ತೀವಲ್ಲೇ."

"ಆ ಕತ್ತರಿ ಕ್ಯಾಮೆರಾ ಮುಂದೆ ಹಲ್ಲು ಕಿರೀತಾ ನಿಂತಿರ್ತಾರೆ. ಅವರ ಪಕ್ಕ ನಿಂತು ನಾನೂ ಕಿರೀಲಾ? ನನ್ನ ಕೈಲಾಗಲ್ಲ ಅಕ್ಕ, ಒತ್ತಾಯ ಮಾಡ್ಬೇಡ."

ಅಕ್ಕ ಮಿಷನ್ ತುಳಿಯತೊಡಗಿದಳು. ತಾರೀಖಮ್ಮ ಗೋಡೆ ಗಡಿಯಾರದ ಕಡೆ ನೋಡುವುದಿಲ್ಲ ಅಂತ ಹಟ ಹಿಡಿದು ಕೂತಳು. ಡಬ್ಬಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ, ಎಷ್ಟು ನಿಮಿಷ ಇರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಆ ಹೊತ್ತು ಬಂತು, ಹೋಯಿತು. ಅವಳು ಅಂಗಿಯೊಂದರ ಕಾಜ ಬಿಡಿಸುತ್ತಾ ಕೂತಿದ್ದಳು.

ಮಧ್ಯಾಹ್ನದ ಊಟಕ್ಕೆ ಕೈ ತೊಳೆಯುವಾಗ ಅಟೆಂಡರನ ಫೋನು ಬಂತು.

"ಮೇಡಂ, ಇಲ್ಲಿ ದೊಡ್ಡ ಗದ್ದಲ. ಡಬ್ಬಿ ಮಾತಾಡ್ತಂತೆ. ಸಾಹೇಬ್ರಿಗೆ ಕೇಳಿಸ್ತಂತೆ. ಹೊರಟುಹೋಗಿದ್ದ ಪೇಪರಿನವರನ್ನ ವಾಪಸ್ ಕರೆಸ್ತಿದ್ದಾರೆ."

"ರಿಸೀವರ್ ಯಾರು ಆನ್ ಮಾಡಿದ್ದು?"

"ನಾನೇ ಮೇಡಂ. ಫೋಟೋದವನು ಅದರ ಲೈಟು ಹತ್ತಿಕೊಂಡಿದ್ರೆ ಚೆನ್ನಾಗಿ ಬರುತ್ತೆ ಅಂದ. ಸಾಹೇಬ್ರ ಕಿವಿಗೆ ಹೆಡ್‌ಫೋನು ಹಾಕಿ ಫೋಟೋ ತೆಗೆದ. ಎಲ್ಲರೂ ಹೋದ್ರು. ಸಾಹೇಬ್ರು ಮಾತ್ರ ಹಾಗೇ ಕೂತಿದ್ರು."

ತಾರೀಖಮ್ಮನಿಗೆ ಊಟ ಸೇರಲಿಲ್ಲ. ಬುರುಡೆ ಬಿಡುವುದಕ್ಕೂ ಒಂದು ಮಿತಿ ಬೇಡವೇ? ಶಾಮಿಯಾನ ಸಾಲದು, ಬ್ಯಾನರ್ ಸಾಲದು ಅಂತ ಈಗ ಸತ್ತದ್ದರ ಬಾಯಲ್ಲಿ ಮಾತೂ ಹುಟ್ಟಿಸುತ್ತಾರೆ! ನಾಳೆ ಪೇಪರಿನಲ್ಲಿ ಬರುತ್ತದೆ, ನಾಡಿದ್ದು ತಿಳಿದವರು ಯಾರಾದರೂ ರೆಕಾರ್ಡಿಂಗ್ ಎಲ್ಲಿ ಅಂತ ಕೇಳುತ್ತಾರೆ, ನಗೆಪಾಟಲಾಗುವುದು ಡಬ್ಬಿ ಕಟ್ಟಿದವಳು. ಅಕ್ಕ ಕರೆಯುತ್ತಿದ್ದರೂ ಕೇಳಿಸಿಕೊಳ್ಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಅನ್ನಬೇಕಾದ ಮಾತುಗಳನ್ನು ಸಾಣೆ ಹಿಡಿದುಕೊಂಡಳು. ಪೇಪರಿನವರ ಮುಂದೆಯೇ ಕೇಳಬೇಕು, ಏನು ಸಾರ್, ಡಬ್ಬಿ ನಿಮ್ಮ ಹೆಸರು ಹಿಡಿದು ಕರೀತಾ, ಅಂತ. ಅದನ್ನು ನೆನೆದೇ ಅವಳಿಗೆ ಅರ್ಧ ಹಸಿವು ಹೋಯಿತು.

ಲ್ಯಾಬಿನಲ್ಲಿ ಪೇಪರಿನವರು ಇನ್ನೂ ಬಂದಿರಲಿಲ್ಲ. ಸಾಹೇಬ್ರು ಒಬ್ಬರೇ. ಬೆಳಗ್ಗೆ ಯಾರೋ ಕೊಟ್ಟ ಹೂಗುಚ್ಛ ನೆಲದ ಮೇಲೆ ಬಿದ್ದಿತ್ತು. ಹೆಡ್‌ಫೋನು ಇನ್ನೂ ಅವರ ಕುತ್ತಿಗೆಯಲ್ಲೇ ಇತ್ತು.

"ಬಾಮ್ಮಾ ಬಾ!" ಅಂತ ಕುರ್ಚಿಯಿಂದ ಎದ್ದರು. "ನಿನ್ನನ್ನೇ ಕಾಯ್ತಿದ್ದೆ. ಬದುಕಿದೆ ಕಣಮ್ಮ! ನಾನು ಕೇಳಿದೆ!"

"ಏನು ಕೇಳಿದ್ರಿ ಸಾರ್? ಪಕ್ಕದ ರೋಡಿನ ಹಾರ್ನಾ, ಟ್ಯೂಬ್‌ಲೈಟ್ ಗುಂಯ್ ಅನ್ನೋದಾ?"

"ಹಾಗಲ್ಲಮ್ಮ. ಬರೀ ಸೊಂಯ್ ಅಂತಿತ್ತು ಮೊದಲು. ತುಂಬಾ ಹೊತ್ತು. ನಿದ್ದೆ ಬರೋ ಹಾಗಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಸಣ್ಣಗೆ ಬಂತು ನೋಡು."

"ರೆಕಾರ್ಡ್ ಇದೆಯಾ?"

"ಅದು ಹೇಗೆ ಮಾಡ್ತಾರೋ ನನಗೇನು ಗೊತ್ತು? ನಿನ್ನ ಕಂಪ್ಯೂಟರ್ ಪಾಸ್‌ವರ್ಡ್ ಕೇಳ್ತು."

"ಒಳ್ಳೇದಾಯ್ತು. ಸಾಕ್ಷಿ ಇಲ್ಲದಿದ್ರೆ ಏನ್ ಬೇಕಾದ್ರೂ ಹೇಳಬಹುದು. ಪೇಪರಿನವರಿಗೆ ಹೇಳಿ ಸಾರ್, ಪಾಪ, ಅವರಿಗೂ ನಾಳೆ ಪುಟ ತುಂಬಬೇಕು. ಆದರೆ ನನ್ನ ಹೆಸರು ಎತ್ತಬೇಡಿ."

ಸಾಹೇಬ್ರ ಮುಖ ಸಣ್ಣಗಾಯಿತು. ಶಾಲೆಯ ಮಗುವಿನ ಹಾಗೆ ಮೇಜಿನ ಮೇಲೆ ಬೆರಳು ಇಟ್ಟರು. "ತಡಿ, ತೋರಿಸ್ತೀನಿ. ಮರೀಬಾರ್ದು ಅಂತ ಆಗ್ನಿಂದ ಕುಟ್ಟಿಕೊಂಡೇ ಕೂತಿದ್ದೀನಿ."

ಕುಟ್ಟಿದರು. ಮೂರು ಗಿಡ್ಡ, ಒಂದು ಉದ್ದ. ಒಂದು ಉಸಿರಿನಷ್ಟು ಬಿಟ್ಟು, ಎರಡು ಗಿಡ್ಡ.

ತಾರೀಖಮ್ಮ ಬಗ್ಗಿ ಆ ಬೆರಳನ್ನೇ ನೋಡಿದಳು.

ಮೂರು ಗಿಡ್ಡ, ಒಂದು ಉದ್ದ ಅನ್ನುವುದು ಡಬ್ಬಿ ತನ್ನ ಹೆಸರು ಹೇಳುವ ರೀತಿ. ಈ ಲ್ಯಾಬಿನಲ್ಲೇ ಒಂದು ಮಧ್ಯಾಹ್ನ ಅವಳೂ ಮಕ್ಕಳೂ ನಗಾಡಿಕೊಂಡು ಕೂತು ಗೊತ್ತು ಮಾಡಿದ್ದು. ಆ ಮಕ್ಕಳು ಓದು ಮುಗಿಸಿ ದಿಕ್ಕಿಗೊಬ್ಬರಾಗಿದ್ದರು. ಕತ್ತರಿ ಸಾಹೇಬ್ರಿಗೆ ಅದು ಗೊತ್ತಿರುವ ಸಾಧ್ಯತೆಯೇ ಇಲ್ಲ. ಇಂಥ ವಿವರ ಹೇಳಲು ಹೋದಾಗಲೆಲ್ಲ ಅವರು ಗಡಿಯಾರ ನೋಡಿ ಎದ್ದು ಹೋದವರು. ಇನ್ನು ಕೊನೆಯ ಎರಡು ಗಿಡ್ಡ. ಹೊಟ್ಟೆ ತುಂಬಿದ್ದರೆ ಡಬ್ಬಿ ಕೊನೆಯಲ್ಲಿ ಒಂದು ಉದ್ದ ದನಿ ಮಾಡಬೇಕು. ಬ್ಯಾಟರಿ ಇಳಿದು ಹಸಿದಿದ್ದರೆ ಎರಡು ಗಿಡ್ಡ.

"ಇನ್ನೊಂದ್ಸಲ ಕುಟ್ಟಿ ಸಾರ್."

ಕುಟ್ಟಿದರು. ಅದೇ.

"ಕೊನೇದು ಎರಡೇನಾ? ಉದ್ದ ಒಂದು ಅಲ್ವಾ? ನೆನಪು ಮಾಡ್ಕೊಳ್ಳಿ."

"ಎರಡಮ್ಮಾ. ಪ್ರತಿ ಸಲವೂ ಎರಡೇ. ಬರ್ತಾ ಬರ್ತಾ ದನಿ ಸಣ್ಣಗಾಯ್ತು, ಆದರೆ ಎರಡೇ. ಯಾಕೆ, ತಪ್ಪಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಲೆಕ್ಕ ಎಲ್ಲಿ ತಪ್ಪಿತು? ಗೀಟು ನೆಲ ಕಚ್ಚಿತ್ತಲ್ಲ, ಮೂರು ಸಲ ಎಳೆದಿದ್ದೆನಲ್ಲ? ಮೇಜಿನ ಮೇಲೆ ಅಳೆಯಲು ಇಟ್ಟ ಆ ಬ್ಯಾಟರಿ ಹಾಗೇ ಕೂತಿತ್ತು, ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಮುಟ್ಟಿದಳು. ಬೆಚ್ಚಗಿತ್ತು. ಆಗ ಹೊಳೆಯಿತು ನೋಡಿ. ಬ್ಯಾಟರಿ ಸೆಕೆಯಲ್ಲಿ ಬೇಗ ಇಳಿಯುತ್ತದೆ, ತಣ್ಣಗಿನ ಕಡೆ ನಿಧಾನ. ರಾಕೆಟ್ಟು ನಿಲ್ಲಿಸುವ ಶೆಡ್ಡನ್ನು ತಣ್ಣಗೆ ಇಟ್ಟಿರುತ್ತಾರೆ. ಅಲ್ಲಿ ಕೆಲಸ ಮಾಡುವವರು ಸ್ವೆಟರ್ ಹಾಕಿಕೊಂಡಿದ್ದ ಫೋಟೋ ಅವಳೇ ಎಷ್ಟು ಸಲ ನೋಡಿದ್ದಳು! ರಾಕೆಟ್ಟಿನ ಮೂತಿ ಮುಚ್ಚಿದ್ದಾರೋ ಇಲ್ಲವೋ, ಮುಚ್ಚಿದ್ದರೆ ತಾರೀಖು ಹತ್ತಿರ ಬಂತು, ಅಂತ ದೊಡ್ಡದು ಮಾಡಿ ಮಾಡಿ ನೋಡಿದ್ದಳು. ಸ್ವೆಟರ್ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಡಬ್ಬಿ ತಣ್ಣಗೆ ಜೀವ ಹಿಡಿದುಕೊಂಡು ಕಾಯುತ್ತಿದ್ದಾಗ ಇವಳು ಇಲ್ಲಿ ಸೆಕೆಯಲ್ಲಿ ಕೂತು ಅದಕ್ಕೆ ಎಳ್ಳುನೀರು ಬಿಟ್ಟಿದ್ದಳು.

ಪೇಪರಿನವರು ಬಂದರು. ಸಾಹೇಬ್ರು ಅವರನ್ನು ಬಾಗಿಲಲ್ಲೇ ತಡೆದು, "ಆಮೇಲೆ, ಆಮೇಲೆ, ಮೇಡಂ ಕೆಲಸ ಮಾಡ್ತಿದ್ದಾರೆ" ಅಂತ ಕಳಿಸಿಬಿಟ್ಟರು. ಅವರು ಪೇಪರಿನವರನ್ನು ಕಳಿಸಿದ್ದನ್ನು ಅಟೆಂಡರ್ ಆ ಹಿಂದೆ ಯಾವತ್ತೂ ಕಂಡಿರಲಿಲ್ಲ.

ಡಬ್ಬಿ ಮತ್ತೆ ತಲೆಯ ಮೇಲೆ ಬರುವುದು ಸಂಜೆಗೆ. ಅಲ್ಲಿಯವರೆಗೂ ತಾರೀಖಮ್ಮ ಎದ್ದಿದ್ದು ಒಂದೇ ಸಲ, ಬೀರುವಿನಿಂದ ಆದೇಶ ಕಳಿಸುವ ಕೇಬಲ್ ತರಲು. ಕಂಪ್ಯೂಟರ್ ಹಚ್ಚಿದಳು, ರೆಕಾರ್ಡಿಂಗ್ ಹಾಕಿದಳು, ಹೆಡ್‌ಫೋನನ್ನು ಸಾಹೇಬ್ರ ಕುತ್ತಿಗೆಯಿಂದ ತಾನೇ ತೆಗೆದು ಹಾಕಿಕೊಂಡಳು. ಇನ್ನೂ ಒಂದಿಷ್ಟು ಉಳಿದಿರಬಹುದು. ತಾನಾಗಿ ಮಲಗಲು ಅದಕ್ಕೆ ಬಾರದಿದ್ದರೂ ಕೆಳಗಿನಿಂದ ಮಲಗು ಅಂದರೆ ಮಲಗುತ್ತದೆ. ಒಂದು ಸಲ, ಒಂದೇ ಒಂದು ಸಲ ಅದು ಕೇಳಿಸಿಕೊಂಡರೆ ಸಾಕು. ರೇಡಿಯೋ ಆರಿಸಿಕೊಂಡು ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ, ನಾಲ್ಕು ದಿನ ಬಿಟ್ಟು ಎದ್ದು ಮಾತಾಡುತ್ತದೆ. ಆಮೇಲೆ ವರ್ಷಗಟ್ಟಲೆ ಮಾತಾಡುತ್ತದೆ.

ಸಂಜೆ ಆಯಿತು. ಸೊಂಯ್ ಅನ್ನುವ ಸದ್ದು. ಅವಳು ಗುಂಡಿ ಒತ್ತಿದಳು. ಕಾದಳು. ಸೊಂಯ್. ಮತ್ತೆ ಒತ್ತಿದಳು. ಒತ್ತುತ್ತಲೇ ಇದ್ದಳು. ಡಬ್ಬಿ ಈ ಕಡೆಯ ಆಕಾಶದಿಂದ ಆ ಕಡೆಯ ಆಕಾಶಕ್ಕೆ ದಾಟಿ ಇಳಿಯುವವರೆಗೂ ಅವಳ ಕಿವಿಗೆ ಬಂದದ್ದು ಆ ಸದ್ದೊಂದೇ. ಅದಾದ ಮೇಲಿನ ಸುತ್ತಿಗೂ ಕೂತಳು. ಆಗಲೂ ಅದೇ. ಬೆಳಗ್ಗೆ ತಲೆಯ ಮೇಲೆ ಹಾದುಹೋದಾಗ ಇದ್ದ ಕೊನೆಯ ಚೂರು ಶಕ್ತಿಯನ್ನು ಡಬ್ಬಿ ತನ್ನ ಹೆಸರು ಹೇಳಿ ಹೇಳಿಯೇ ಖರ್ಚು ಮಾಡಿಕೊಂಡಿತ್ತು.

ಹೆಡ್‌ಫೋನು ತೆಗೆದಿಟ್ಟಳು. ಸಾಹೇಬ್ರು ಎದುರಿನ ಸ್ಟೂಲಿನ ಮೇಲೆ ಕೂತೇ ಇದ್ದರು. ಅಷ್ಟು ದೊಡ್ಡ ಮೈಗೆ ಆ ಸ್ಟೂಲು ಸಾಲುತ್ತಿರಲಿಲ್ಲ.

"ಬೆಳಗ್ಗೆ ಅದು ಏನಂತಿತ್ತಮ್ಮ?"

ಸುಳ್ಳು ಹೇಳಬಹುದಿತ್ತು. ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಸುಳ್ಳು ಹುಟ್ಟಲಿಲ್ಲ.

"ಹಸಿವಾಗಿದೆ ಅಂತಿತ್ತು ಸಾರ್. ಬ್ಯಾಟರಿ ಕಮ್ಮಿಯಾಗಿದೆ ಅಂತ."

"ಅದಕ್ಕೆ ನಾವು ಏನು ಮಾಡ್ಬೇಕಿತ್ತು?"

"ಮಲಕ್ಕೋ ಅಂತ ಹೇಳ್ಬೇಕಿತ್ತು. ಈ ಗುಂಡಿ ಒತ್ತಿದ್ರೆ ಹೋಗುತ್ತೆ."

ಸಾಹೇಬ್ರು ಗುಂಡಿಯ ಕಡೆ ನೋಡಿದರು. ಬೆಳಗ್ಗೆ ಅವರು ಕೂತಿದ್ದ ಕುರ್ಚಿಗೆ ಅದು ಕೈಯಳತೆಯಲ್ಲೇ ಇತ್ತು. ಅದರ ಮೇಲೆ ತಾರೀಖಮ್ಮ ತನ್ನ ಕೈಯಿಂದಲೇ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿ: ಯಾರೂ ಮುಟ್ಟಬಾರದು. ಯಾರೂ ಅಂದರೆ ಯಾರು ಅಂತ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಹೇಬ್ರಿಗೂ ಗೊತ್ತಿತ್ತು.

"ಇದೊಂದೇನಾ? ಇನ್ನೇನೂ ಇಲ್ವಾ?"

"ಕೇಬಲ್ ಹಾಕಿ ಇದೊಂದು ಒತ್ತಿದ್ರೆ ಸಾಕು."

"ಫೋನ್ ಮಾಡಿ ಹೇಳಿದ್ರೆ ನಾನೇ ಒತ್ತುತ್ತಿದ್ದೆನಲ್ಲಮ್ಮಾ."

"ನಿಮಗೆ ಬರ್ತಿರಲಿಲ್ಲ ಸಾರ್." ಬಾಯಿಗೆ ರೂಢಿಯಾಗಿದ್ದ ಮಾತು, ತಾನಾಗಿಯೇ ಬಂದುಬಿಟ್ಟಿತು. ಅಂದ ಮೇಲೆ ಅವಳಿಗೆ ಕೇಳಿಸಿತು.

ಸಾಹೇಬ್ರು ಸಿಟ್ಟಾಗಲಿಲ್ಲ. ಸ್ಟೂಲಿನಿಂದ ಮೊಣಕಾಲು ಹಿಡಿದುಕೊಂಡು ಎದ್ದರು.

"ಗುಂಡಿ ಒತ್ತೋಕೆ ಬರುತ್ತಮ್ಮ," ಅಂದರು. "ಇಷ್ಟು ವರ್ಷ ನಾನು ಮಾಡಿರೋ ಕೆಲಸ ಅದೊಂದೇ ತಾನೇ."